ಒಂದು ಸಂಜೆಯ ಹಾಲು

ರಾಬರ್ಟ್‌ಸನ್‌ಪೇಟೆ
4 ಆಗಸ್ಟ್ 2025

ದೊಡ್ಡಮ್ಮ,

ಮೊನ್ನೆ ಫೋನಿನಲ್ಲಿ ನಾನು ಹೇಳಿದ ಒಂದೊಂದು ಮಾತಿಗೂ "ಊಟ ಆಯ್ತು, ಊಟ ಆಯ್ತು" ಎಂದೆಯಲ್ಲ, ಅದಕ್ಕೇ ಈ ಕಾಗದ. ನಿನ್ನ ಕಿವಿಗೂ ಫೋನಿಗೂ ಇನ್ನು ರಾಜಿಯಾಗುವುದಿಲ್ಲ. ಇನ್ನು ಮೇಲೆ ಬರೆದೇ ತಿಳಿಸುತ್ತೇನೆ, ನೀನೂ ಬರಿ. ಹಾಲಿನ ಡೈರಿಯ ಕಾರ್ಯದರ್ಶಿ ಎಂದಮೇಲೆ ಪೆನ್ನು ಹೇಗೂ ಕೈಯಲ್ಲೇ ಇರುತ್ತದೆ.

ನನ್ನ ಹೊಸ ಕೆಲಸ ಚೆನ್ನಾಗಿದೆ. ನಮ್ಮ ಟ್ರಸ್ಟಿನ ಆಫೀಸು ಇರುವುದು ಒಂದು ಬಟ್ಟೆ ಅಂಗಡಿಯ ಮಹಡಿ ಮೇಲೆ. ಚಿನ್ನದ ಗಣಿಯಲ್ಲಿ ಕೆಲಸ ಮಾಡಿ, ಕಲ್ಲಿನ ಧೂಳು ಕುಡಿದು, ಈಗ ಉಸಿರಿಗೆ ಕಷ್ಟಪಡುವ ಮುದುಕರ ಮನೆಗೆ ಆಕ್ಸಿಜನ್ ಮಿಷನ್ ತಂದಿಡುತ್ತೇವೆ. ದುಡ್ಡು ತೆಗೆದುಕೊಳ್ಳುವುದಿಲ್ಲ. ಇರುವ ಐದು ಮಿಷನ್ನೂ ಐದು ಮನೆಯಲ್ಲಿವೆ, ಇನ್ನೂ ಎಂಟು ಜನ ಕಾಯುತ್ತಿದ್ದಾರೆ. ಅವರಲ್ಲಿ ಮಾರಿಕುಪ್ಪಂನಲ್ಲಿ ಗಣಿ ಕೆಲಸಗಾರರಿಗೆ ಕಟ್ಟಿದ ಲೈನ್ ಮನೆಯ ಆರೋಗ್ಯಸಾಮಿ ತಾತ ಒಬ್ಬರು. ಮಲಗಿದರೆ ಉಸಿರು ಕಟ್ಟುತ್ತದೆಂದು ಎರಡು ವರ್ಷದಿಂದ ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡುತ್ತಿದ್ದಾರೆ.

ಎಂಟು ಮಿಷನ್ನಿಗೆ ನಾಲ್ಕು ಲಕ್ಷ ಬೇಕು. ಅದಕ್ಕೆ ಒಂದು ಉಪಾಯ ಮಾಡಿದ್ದೇವೆ. ಜನ ಎಷ್ಟು ಕೊಡುತ್ತಾರೋ ಅಷ್ಟನ್ನು ದಾನಿಯೊಬ್ಬರು ತಮ್ಮ ಕಡೆಯಿಂದ ಸೇರಿಸುತ್ತಾರೆ. ಪೋಸ್ಟರ್ ಬರೆದವಳು ನಾನೇ, ಕೇಳು: "ನಿಮ್ಮ ಒಂದು ರೂಪಾಯಿಗೆ ದಾನಿಯಿಂದ ಇನ್ನೊಂದು ರೂಪಾಯಿ. ನೀವು ಕೊಟ್ಟರೆ ಮಾತ್ರ!" ಟ್ರಸ್ಟ್ ನಡೆಸುವ ಶ್ರೀಧರ್ ಸರ್ ಆ ಕೊನೇ ಸಾಲನ್ನು ಓದಿ ನನಗೆ ಸಮೋಸ ಕೊಡಿಸಿದರು. ಡೈರಿಯಲ್ಲಿ ನಿಮ್ಮವರಿಗೂ ಒಂದು ಮಾತು ಹೇಳು ದೊಡ್ಡಮ್ಮ.

ನಿನ್ನ
ಸಹನ


ಹುಣಸೆಕುಂಟೆ, ಬಂಗಾರಪೇಟೆ ತಾಲೂಕು
14 ಆಗಸ್ಟ್ 2025

ಸಹನಾ,

ಇಲ್ಲಿ ಕಪ್ಪು ಹಸು ಒಂದನ್ನು ಬಿಟ್ಟು ಮಿಕ್ಕವರೆಲ್ಲ ಚೆನ್ನಾಗಿದ್ದೇವೆ. ಅದು ನಾಲ್ಕು ದಿನದಿಂದ ಮೇವು ಮೂಸಿ ಮುಖ ತಿರುಗಿಸುತ್ತಿದೆ. ನಿನ್ನ ದೊಡ್ಡಪ್ಪ ಅದರ ಪಕ್ಕದಿಂದ ಏಳುತ್ತಿಲ್ಲ. ನಾನು ಊಟ ಬಿಟ್ಟರೆ ಇಷ್ಟು ವಿಚಾರಿಸುತ್ತಾರೋ ಇಲ್ಲವೋ ಗೊತ್ತಿಲ್ಲ.

ನಿನ್ನ ಕಾಗದವನ್ನು ಸಂಜೆ ಹಾಲು ಹಾಕಿಸಿಕೊಂಡಾದ ಮೇಲೆ ಡೈರಿಯಲ್ಲೇ ಎಲ್ಲರಿಗೂ ಓದಿದೆ. ಲೈನ್ ಮನೆ ಎಂದ ಕೂಡಲೇ ಹಳಬರೆಲ್ಲ ಹತ್ತಿರ ಬಂದು ಕೂತರು. ಗಣಿ ನಡೆಯುತ್ತಿದ್ದ ಕಾಲದಲ್ಲಿ ನಮ್ಮ ಅತ್ತೆಯೂ ಚಿಕ್ಕವೆಂಕಟಮ್ಮನೂ ಹಾಲಿನ ಕ್ಯಾನು ಹೊತ್ತು ಬೆಳಗಿನ ರೈಲಿಗೆ ಮಾರಿಕುಪ್ಪಂಗೆ ಹೋಗಿ ಲೈನ್ ಮನೆಗಳಿಗೆ ಹಾಲು ಹಾಕಿ ಬರುತ್ತಿದ್ದರು. ಚಿಕ್ಕವೆಂಕಟಮ್ಮ ತಮಿಳು ಕಲಿತದ್ದೂ ಅಲ್ಲೇ. "ಅವ್ರ ದುಡ್ನಾಗೇ ನಮ್ಮನೆ ಸೂರು ಎದ್ದಿದ್ದು" ಅಂದಳು. ಸುಮಾರು ಜನ ತಲೆಯಾಡಿಸಿದರು.

ಆಮೇಲೆ ಅವಳೇ ಒಂದು ಪ್ರಶ್ನೆ ತೆಗೆದಳು. ನಿನಗೆ ಗೊತ್ತಲ್ಲ, ಎಂಬತ್ತರ ಹತ್ತಿರ ಬಂದರೂ ಅವಳ ತಲೆ ಚುರುಕು. "ಯಾಕಮ್ಮಣ್ಣಿ, ನಾವ್ ಕೊಡ್ದೇ ಓದ್ರೆ ಆಯಪ್ಪ ನಿಜ್ವಾಗ್ಲೂ ಕೊಡಲ್ವಾ?" ಎಂದು ನನ್ನನ್ನು ಕೇಳಿದಳು. ಇಲ್ಲ, ಕೊಡುವುದಿಲ್ಲ, ನಮ್ಮ ಸಹನನೇ ಕೈಯಾರೆ ಬರೆದಿದ್ದಾಳೆ ನೋಡು ಎಂದು ಕಾಗದ ತೋರಿಸಿದೆ. ಅವಳಿಗೆ ಓದಲು ಬರುವುದಿಲ್ಲ, ಕಣ್ಣೂ ಮಂಜು. ಆದರೂ ಕೈಗೆ ತೆಗೆದುಕೊಂಡು ನೋಡಿ, ಹೂಂ ಅಂದಳು.

ಅಷ್ಟಾದಮೇಲೆ ಹಿಂದೆ ಮುಂದೆ ನೋಡುತ್ತಿದ್ದವರೂ ಒಪ್ಪಿದರು. ನಮ್ಮದು ನಿಂತರೆ ಇನ್ನೊಬ್ಬರದ್ದೂ ನಿಲ್ಲುತ್ತದೆ, ಆ ಪಾಪ ನಮಗೇಕೆ ಎಂದರು. ಮೂವತ್ತೊಂದು ಜನ, ಒಬ್ಬೊಬ್ಬರದೂ ಒಂದು ಸಂಜೆಯ ಹಾಲು. ಈ ಸಲದ ಬಟವಾಡೆಯಲ್ಲಿ ಹಿಡಿದುಕೊಂಡು ಐದು ಸಾವಿರದ ಎಂಟುನೂರು ರೂಪಾಯಿ ನಿಮ್ಮ ಬ್ಯಾಂಕಿಗೆ ಹಾಕಿಸಿದ್ದೇನೆ. ಆ ದಾನಿ ಯಾರು, ಯಾವ ಊರಿನವರು ಎಂದು ಬರೆದು ಕಳಿಸು. ಎಲ್ಲರೂ ಕೇಳುತ್ತಿದ್ದಾರೆ.

ನಿನ್ನ ದೊಡ್ಡಮ್ಮ
ಮುನಿರತ್ನಮ್ಮ


ರಾಬರ್ಟ್‌ಸನ್‌ಪೇಟೆ
15 ಸೆಪ್ಟೆಂಬರ್ 2025

ದೊಡ್ಡಮ್ಮ,

ರಸೀದಿ ಇದರ ಜೊತೆಗಿದೆ. ನಿಮ್ಮ ಡೈರಿಯ ಹೆಸರನ್ನು ಆಫೀಸಿನ ಬೋರ್ಡಿನಲ್ಲಿ ಎಲ್ಲಕ್ಕಿಂತ ಮೇಲೆ ಬರೆದಿದ್ದೇನೆ. ಅದಕ್ಕಿಂತ ಹೆಚ್ಚು ಕೊಟ್ಟವರಿದ್ದಾರೆ, ಆದರೆ ಬೋರ್ಡು ಬರೆಯುವವಳು ನಾನಲ್ಲವೇ.

ಏಳು ಮಿಷನ್ ಬಂದವು. ನಾಲ್ಕನೆಯದನ್ನು ಆರೋಗ್ಯಸಾಮಿ ತಾತನ ಮನೆಗೆ ನಾನೇ ಆಟೋದಲ್ಲಿ ತೆಗೆದುಕೊಂಡು ಹೋದೆ. ಮೂರು ದಿನ ಬಿಟ್ಟು ಮತ್ತೆ ಹೋದಾಗ ಅವರು ಮಂಚದ ಮೇಲೆ ಕಾಲು ಚಾಚಿ ಮಲಗಿದ್ದರು. ಎಬ್ಬಿಸಬೇಡ ಎಂದು ಅವರ ಸೊಸೆ ಸನ್ನೆ ಮಾಡಿ, ಆ ಕುರ್ಚಿಯನ್ನು ನನಗೆ ಕೂರಲು ಹಾಕಿದಳು. ನನಗೆ ಅಳು ಬಂತು ದೊಡ್ಡಮ್ಮ, ಸಂತೋಷಕ್ಕೇ.

ದಾನಿಯ ಹೆಸರು ಜಯರಾಮಪ್ಪ. ಬಂಗಾರಪೇಟೆಯಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ ಇದೆ. ಅವರ ತಂದೆ ಗಣಿಯಲ್ಲಿದ್ದವರು, ಉಸಿರಿನ ಕಷ್ಟದಲ್ಲೇ ಹೋದರು. ನವೆಂಬರ್ ಇಪ್ಪತ್ತಮೂರಕ್ಕೆ ಮಗಳ ಮದುವೆ ಅಂತೆ, ಅದರ ಓಡಾಟದಲ್ಲಿದ್ದಾರೆ.

ಕಪ್ಪು ಹಸು ಈಗ ತಿನ್ನುತ್ತಿದೆಯೇ?

ನಿನ್ನ
ಸಹನ


ಹುಣಸೆಕುಂಟೆ
10 ಅಕ್ಟೋಬರ್ 2025

ಸಹನಾ,

ಹಸು ತಿನ್ನುತ್ತಿದೆ. ಬಿಟ್ಟಿದ್ದನ್ನೆಲ್ಲ ಸೇರಿಸಿ ತಿನ್ನುತ್ತಿದೆ. ತಾತ ಕಾಲು ಚಾಚಿ ಮಲಗಿದ ಸುದ್ದಿಯನ್ನು ಚಿಕ್ಕವೆಂಕಟಮ್ಮ ನನ್ನ ಕೈಲಿ ಮೂರು ಸಲ ಓದಿಸಿದಳು.

ಈಗ ಒಂದು ಮುಖ್ಯ ವಿಷಯ. ನೀನು ದಾನಿಯ ಹೆಸರು ಬರೆದಿದ್ದು ಒಳ್ಳೆಯದಾಯಿತು. ಅವರ ಮಗಳ ಮದುವೆಗೆ ನಾವು ಹೋಗುತ್ತಿದ್ದೇವೆ, ಮುಯ್ಯಿ ಓದಿಸುವುದಕ್ಕೆ. ನಗಬೇಡ, ಡೈರಿ ಸಂಘದಲ್ಲಿ ಕೂತು ತೀರ್ಮಾನ ಮಾಡಿದ್ದೇವೆ. ನಮ್ಮ ಮನೆ ಕಾರ್ಯಕ್ಕೆ ಒಬ್ಬರು ಬಂದು ಇಷ್ಟು ಎಂದು ಓದಿಸಿದರೆ, ಅವರ ಮನೆ ಕಾರ್ಯಕ್ಕೆ ನಾವು ಹೋಗಿ ಅದರ ಮೇಲೊಂದಿಷ್ಟು ಇಟ್ಟು ಓದಿಸುತ್ತೇವೆ ತಾನೇ? ಆ ಪುಣ್ಯಾತ್ಮ ನಮ್ಮ ಮುಖ ನೋಡಿ, ನಾವು ಹಾಕಿದ್ದಕ್ಕೆ ಸಮನಾಗಿ ಹಾಕಿದರು. ನಾವು ಕೊಡದಿದ್ದರೆ ಅವರೂ ಕೊಡುತ್ತಿರಲಿಲ್ಲ ಅಂದಮೇಲೆ ಅದು ನಮಗೇ ಓದಿಸಿದ ಮುಯ್ಯಿ. ತೀರಿಸದೆ ಇಟ್ಟುಕೊಂಡು ಬಂಗಾರಪೇಟೆ ಸಂತೆಯಲ್ಲಿ ಅವರ ಅಂಗಡಿ ಮುಂದೆ ಹೇಗೆ ಓಡಾಡುವುದು?

ಪ್ರತಿಯೊಬ್ಬರೂ ಮೊದಲು ಕೊಟ್ಟದ್ದಕ್ಕಿಂತ ಹೆಚ್ಚೇ ಎತ್ತಿಡುತ್ತಿದ್ದೇವೆ. ಚಿಕ್ಕವೆಂಕಟಮ್ಮನಿಗೆ ಕಣ್ಣಿನ ಆಪರೇಷನ್ ಆಗಿದೆಯಲ್ಲ, ಕನ್ನಡಕ ಹಾಕಿಸಬೇಕಿತ್ತು. ಆ ದುಡ್ಡನ್ನು ಇದಕ್ಕೆ ಹಾಕಿದ್ದಾಳೆ. ಬೇಡ ಎಂದರೆ ಕೇಳುವುದಿಲ್ಲ. "ಕನ್ನಡ್ಕ ಸಂಕ್ರಾಂತಿಗೂ ಬತ್ತೈತೆ, ಮದ್ವೆ ಮತ್ತೆ ಬತ್ತೈತಾ?" ಅನ್ನುತ್ತಾಳೆ. ಛತ್ರ ಯಾವುದೆಂದು ತಿಳಿಸು.

ನಿನ್ನ ದೊಡ್ಡಮ್ಮ
ಮುನಿರತ್ನಮ್ಮ


ರಾಬರ್ಟ್‌ಸನ್‌ಪೇಟೆ
27 ಅಕ್ಟೋಬರ್ 2025

ದೊಡ್ಡಮ್ಮ,

ನಿನ್ನ ಕಾಗದ ಬಂದು ಎರಡು ವಾರವಾಯಿತು. ನಾಲ್ಕು ಸಲ ಬರೆದು ಹರಿದು ಹಾಕಿದೆ. ಇದು ಐದನೆಯದು.

ಮದುವೆಗೆ ಮುಯ್ಯಿ ತೆಗೆದುಕೊಂಡು ಹೋಗಬೇಡಿ. ಜಯರಾಮಪ್ಪನವರು ನೀವು ಕೊಟ್ಟಿರೆಂದು ಕೊಟ್ಟವರಲ್ಲ. ಅವರು ಎರಡು ಲಕ್ಷದ ಚೆಕ್ ಕೊಟ್ಟದ್ದು ಜೂನ್ ತಿಂಗಳಲ್ಲಿ. ಏದುಸಿರು ಬಿಡುತ್ತ ಮಹಡಿ ಹತ್ತಿ ಬಂದು, ತಂದೆಯ ಫೋಟೋ ಮೇಜಿನ ಮೇಲಿಟ್ಟು, ಬೇಗ ಮಿಷನ್ ತರಿಸಿ ಎಂದಷ್ಟೇ ಹೇಳಿ ಹೋದರು. ಯಾವ ಷರತ್ತೂ ಹಾಕಲಿಲ್ಲ. ಅವರಿಗೆ ಟೀ ಕೊಟ್ಟವಳು ನಾನೇ. ಪೋಸ್ಟರ್ ಬರೆದದ್ದು ಆಗಸ್ಟಿನಲ್ಲಿ.

ನನಗೆ ಗೊತ್ತಿತ್ತು ದೊಡ್ಡಮ್ಮ. ಗೊತ್ತಿರಲಿಲ್ಲ ಎಂದು ಬರೆದ ಕಾಗದಗಳನ್ನೇ ಹರಿದು ಹಾಕಿದ್ದು. ಒಂದಕ್ಕೆ ಒಂದು ಎಂದರೆ ಜನ ಬೇಗ ಕೊಡುತ್ತಾರೆ, ಎಲ್ಲ ಕಡೆಯೂ ಹೀಗೇ ಮಾಡುತ್ತಾರೆ ಎಂದು ಶ್ರೀಧರ್ ಸರ್ ಹೇಳಿದರು. ಸರಿ ಎಂದುಕೊಂಡೆ. ಅವರು ಹೇಳಿದ್ದು ಅಷ್ಟೇ. "ನೀವು ಕೊಟ್ಟರೆ ಮಾತ್ರ" ಎಂಬುದನ್ನು ನನ್ನ ತಲೆಯಿಂದ ತೆಗೆದು ಸೇರಿಸಿದವಳು ನಾನು. ಒಳ್ಳೆಯ ಕೆಲಸಕ್ಕೆ ಚೂರು ಒಗ್ಗರಣೆ ಎಂದುಕೊಂಡೆ. ಅದನ್ನು ನಂಬಿ ಒಬ್ಬಜ್ಜಿ ಕನ್ನಡಕ ಬಿಡುತ್ತಾಳೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

ಏನಾದರೂ ನೆಪ ಹೇಳಿ ಅವರನ್ನೆಲ್ಲ ನಿಲ್ಲಿಸುತ್ತೀಯಾ? ನನಗೆ ತುಂಬ ನಾಚಿಕೆಯಾಗುತ್ತಿದೆ.

ಸಹನ


ಹುಣಸೆಕುಂಟೆ
30 ಅಕ್ಟೋಬರ್ 2025

ಸಹನ,

ನೆಪ ಹೇಳುವುದಿಲ್ಲ.

ಡೈರಿಯಲ್ಲಿ ಮೂವತ್ತೊಂದು ಜನ ಹಾಲು ಹಾಕುತ್ತಾರೆ. ಅರ್ಧಕ್ಕರ್ಧ ಜನಕ್ಕೆ ಮೀಟರಿನ ಅಂಕಿ ಕಾಣುವುದಿಲ್ಲ, ಕಂಡರೂ ತಿಳಿಯುವುದಿಲ್ಲ. ಹಾಲಿನ ಫ್ಯಾಟು ಇಷ್ಟು, ಅದಕ್ಕೆ ದುಡ್ಡು ಇಷ್ಟು ಎಂದು ನಾನು ಓದುತ್ತೇನೆ, ಅವರು ಹೂಂ ಅನ್ನುತ್ತಾರೆ. ಹದಿನಾರು ವರ್ಷದಿಂದ ನಮ್ಮ ಸಂಘ ನಿಂತಿರುವುದು ಆ ಹೂಂ ಮೇಲೆ. ಚಿಕ್ಕವೆಂಕಟಮ್ಮ ಎಲ್ಲರೆದುರಿಗೆ ನೇರವಾಗಿ ಕೇಳಿದಳು. ನಾನು ಇಲ್ಲ, ಕೊಡುವುದಿಲ್ಲ ಎಂದೆ. ನೀನು ಬರೆದ ಸುಳ್ಳು ನನ್ನ ಬಾಯಲ್ಲಿ ಬಂತು. ನಾಳೆ ನಾನು ನಾಲ್ಕು ಪಾಯಿಂಟ್ ಎರಡು ಅಂದರೆ ಅವರು ಯಾಕೆ ನಂಬಬೇಕು?

ಬರುವ ಭಾನುವಾರ ಸಂಜೆ ಹಾಲಿನ ಹೊತ್ತಿಗೆ ಬಾ. ಪೋಸ್ಟರನ್ನೂ ತಾ. ನೀನೇ ನಿಂತು ಹೇಳಬೇಕು. ನಾನು ಪಕ್ಕದಲ್ಲಿ ನಿಲ್ಲುತ್ತೇನೆ, ಬಾಯಿ ಮಾತ್ರ ಬಿಡುವುದಿಲ್ಲ.

ಮುನಿರತ್ನಮ್ಮ
ಕಾರ್ಯದರ್ಶಿ


ರಾಬರ್ಟ್‌ಸನ್‌ಪೇಟೆ
12 ನವೆಂಬರ್ 2025

ದೊಡ್ಡಮ್ಮ,

ಆ ಭಾನುವಾರ ನೀನು ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ. ಹೊರಡುವಾಗ ಬ್ಯಾಗಿನಲ್ಲಿ ತುಪ್ಪದ ಡಬ್ಬಿ ಇಟ್ಟಿದ್ದನ್ನು ರೈಲಿನಲ್ಲಿ ನೋಡಿದೆ. ಬೈದಿದ್ದರೆ ಇಷ್ಟು ಅಳು ಬರುತ್ತಿರಲಿಲ್ಲ.

ನಿನಗೆ ಅಲ್ಲಿ ಎಲ್ಲ ಕೇಳಿಸಿತೋ ಇಲ್ಲವೋ ಎಂದು ಬರೆಯುತ್ತಿದ್ದೇನೆ. ಪೋಸ್ಟರ್ ಬಿಚ್ಚಿ ಹಿಡಿದು, ಇದು ಸುಳ್ಳು, ಬರೆದವಳು ನಾನು ಎಂದೆ. ಬೇಕಾದವರಿಗೆ ಟ್ರಸ್ಟಿನಿಂದ ದುಡ್ಡು ವಾಪಸು ಬರುತ್ತದೆ ಎಂದೂ ಹೇಳಿದೆ. ಆಮೇಲೆ ಚಿಕ್ಕವೆಂಕಟಮ್ಮಜ್ಜಿ ನನ್ನನ್ನು ಹತ್ತಿರ ಕರೆದು ಕೇಳಿದರು, "ತಾತ ಮಲಗ್ತಾನೆ ಅಂತ ಬರ್ದಿದ್ಯಲ್ಲ, ಅದಾದ್ರೂ ನಿಜಾನೇನಮ್ಮಣ್ಣಿ?"

ನಿಜ ಅಜ್ಜಿ ಎಂದೆ. ಒಂದು ಸುಳ್ಳು ಸೇರಿಸಿದ್ದಕ್ಕೆ ನಿಜವಾದದ್ದೂ ಸಾಕ್ಷಿ ಕೇಳುವ ಹಾಗಾಯಿತಲ್ಲ ಎಂದು ಆವಾಗ ತಿಳಿಯಿತು. ಅವರು "ಅಂಗಾದ್ರೆ ದುಡ್ಡು ಅಲ್ಲೇ ಇರ್ಲಿ" ಎಂದು ಕೋಲು ಹಿಡಿದು ಎದ್ದರು.

ಮಾರನೇ ದಿನ ಶ್ರೀಧರ್ ಸರ್ ಜೊತೆ ಕೂತೆ. ಮೊದಲು ಒಪ್ಪಲಿಲ್ಲ. ಮಿಷನ್ ಬಂದಾಯಿತು, ಮುದುಕರು ಮಲಗುತ್ತಿದ್ದಾರೆ, ಈಗ ಇದನ್ನು ಕೆದಕಿ ಯಾರಿಗೆ ಲಾಭ ಎಂದರು. ಡೈರಿಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಕೆಟ್ಟವರಲ್ಲ ದೊಡ್ಡಮ್ಮ, ಹಣ ಹೊಂದಿಸಿ ಹೊಂದಿಸಿ ಸುಸ್ತಾದವರು. ಕೊನೆಗೆ, ಸರಿ ಬರಿ ಎಂದರು. ಕೊಟ್ಟ ಇನ್ನೂರ ಹದಿನಾಲ್ಕು ಜನಕ್ಕೂ ನಿಜ ಬರೆದು, ಬೇಕಾದರೆ ಹಣ ಹಿಂತಿರುಗಿಸುತ್ತೇವೆ ಎಂದು ತಿಳಿಸಿದೆವು. ಜಯರಾಮಪ್ಪನವರಿಗೂ ಒಂದು ಪ್ರತಿ ಹೋಯಿತು. ಒಂಬತ್ತು ಜನ ವಾಪಸು ಕೇಳಿದರು, ಕೊಟ್ಟೆವು. ಅವರಲ್ಲಿಬ್ಬರು ದೊಡ್ಡ ಮೊತ್ತ ಕೊಟ್ಟವರು. ಹಾಗಾಗಿ ಎಂಟನೇ ಮಿಷನ್ನು ಸದ್ಯಕ್ಕೆ ನಿಂತಿದೆ. ಆ ಮನೆಗೆ ಹೋಗಿ ನಾನೇ ಹೇಳಿ ಬಂದೆ. ಅದು ಡೈರಿಯಲ್ಲಿ ನಿಂತದ್ದಕ್ಕಿಂತ ಕಷ್ಟವಾಯಿತು.

ನಿನ್ನ ಮಾತನ್ನು ಡೈರಿಯಲ್ಲಿ ಈಗ ನಂಬುತ್ತಾರಾ? ಅದೊಂದು ಬರೆದು ತಿಳಿಸು.

ಸಹನ


ಹುಣಸೆಕುಂಟೆ
24 ನವೆಂಬರ್ 2025

ಸಹನಾ,

ನನಗೆ ಎಲ್ಲ ಕೇಳಿಸಿತು. ನನ್ನ ಕಿವಿ ಫೋನಿಗೆ ಮಾತ್ರ ಮಂದ.

ನಂಬುತ್ತಾರಾ ಎಂದು ಕೇಳಿದೆ. ನೀನು ಬಂದು ಹೋದ ಮಾರನೇ ಬೆಳಗ್ಗೆಯಿಂದ ಚಿಕ್ಕವೆಂಕಟಮ್ಮ ಹೂಂ ಅನ್ನುವುದನ್ನು ಬಿಟ್ಟಳು. ನಾನು ಫ್ಯಾಟು ಓದಿದರೆ ಹಿಂದೆ ನಿಂತವರನ್ನು ಕರೆದು ನೋಡಿಸುತ್ತಿದ್ದಳು. ನಾನೇನೂ ಅನ್ನಲಿಲ್ಲ. ಅನ್ನುವುದಕ್ಕೆ ನನಗೇನು ಮುಖವಿತ್ತು? ಆದರೆ ಒಳಗೆ ಉರಿಯುತ್ತಿತ್ತು. ನಿನ್ನ ಮೇಲೆ ಇದ್ದ ಸಿಟ್ಟಿಗಿಂತ ನನ್ನ ಮೇಲೇ ಹೆಚ್ಚಾಯಿತು. ಅವಳು ಕೇಳಿದ ದಿನ, ಗೊತ್ತಿಲ್ಲ, ವಿಚಾರಿಸಿ ಹೇಳುತ್ತೇನೆ ಎಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ನಮ್ಮ ಹುಡುಗಿ ಬರೆದಿದ್ದಾಳೆ ಎಂಬ ಜಂಬದಲ್ಲಿ ನಾನೂ ಯೋಚಿಸದೆ ಆಡಿದೆ. ನಿನ್ನನ್ನು ಬರಹೇಳಿದ ಆ ಕಾಗದಕ್ಕೆ ಕಾರ್ಯದರ್ಶಿ ಎಂದು ಸಹಿ ಹಾಕಬಾರದಿತ್ತು.

ಈಗ ಒಳ್ಳೆಯ ಸುದ್ದಿ. ಹೋದ ಬುಧವಾರ ಡೈರಿ ಮುಂದೆ ಒಂದು ಕಾರು ನಿಂತಿತು. ಜಯರಾಮಪ್ಪನವರೂ ಅವರ ಹೆಂಡತಿಯೂ ಇಳಿದರು. ನಿಮ್ಮ ಕಾಗದ ಓದಿ ಅವರಿಗೆ ಬಹಳ ಬೇಜಾರಾಗಿದೆ. ಅಪ್ಪನ ಹೆಸರಿನಲ್ಲಿ ಕೊಟ್ಟದ್ದನ್ನು ಹೀಗೆ ಹೇಳಿಕೊಂಡರಲ್ಲ ಎಂದು ನಿಮ್ಮ ಆಫೀಸಿಗೆ ಬಂದಾಗ ಶ್ರೀಧರ್ ಅವರು ನಮ್ಮ ಮುಯ್ಯಿಯ ಕಥೆ ಹೇಳಿದರಂತೆ. ಗಂಡ ಹೆಂಡತಿ ಮೂವತ್ತೊಂದು ಜನಕ್ಕೂ ಕುಂಕುಮ ಇಟ್ಟು ಮದುವೆಗೆ ಕರೆದರು.

ನೆನ್ನೆ ಎಲ್ಲರೂ ಹೋಗಿದ್ದೆವು. ಎರಡು ಟೆಂಪೋ. ಎತ್ತಿಟ್ಟ ದುಡ್ಡನ್ನು ಮೊದಲೇ ಅವರವರಿಗೆ ವಾಪಸು ಕೊಟ್ಟಿದ್ದೆ, ಚಿಕ್ಕವೆಂಕಟಮ್ಮ ಶುಕ್ರವಾರವೇ ಹೋಗಿ ಕನ್ನಡಕ ತಂದಳು. ಛತ್ರದ ಬಾಗಿಲಲ್ಲಿ ಮುಯ್ಯಿ ಬರೆಯುವವನು ಪುಸ್ತಕ ಬಿಚ್ಚಿ ಹೆಸರು ಕೇಳಿದ. ಅವಳು ಕನ್ನಡಕ ಸರಿಮಾಡಿಕೊಂಡು, "ನಮ್ದೇನೂ ಬರ್ಕೋಬ್ಯಾಡಪ್ಪ. ನಮ್ಗೂ ಅವ್ರಿಗೂ ಬಾಕಿ ಇಲ್ಲ. ಊಟಕ್ ಬಂದಿದೀವಿ" ಅಂದಳು. ಅವನು ಪೆನ್ನಿಗೆ ಕ್ಯಾಪು ಹಾಕಿ ಒಳಗೆ ಕೈ ತೋರಿಸಿದ.

ಊಟ ಮುಗಿಯುವ ಹೊತ್ತಿಗೆ ಜಯರಾಮಪ್ಪ ನಮ್ಮ ಪಂಕ್ತಿಯ ಹತ್ತಿರ ಬಂದರು. ಆದದ್ದು ಆಯಿತು, ಇನ್ನು ಮೇಲೆ ಅದನ್ನು ನಿಜವೇ ಮಾಡೋಣ, ಎಂಟನೇ ಮಿಷನ್ನಿಗೆ ನೀವೆಷ್ಟು ಕೊಡುತ್ತೀರೋ ಅಷ್ಟು ನಾನೂ ಕೊಡುತ್ತೇನೆ, ನೀವು ಕೊಟ್ಟರೆ ಮಾತ್ರ ಎಂದರು. ಮದುವೆ ಮನೆಯ ಖುಷಿಯಲ್ಲಿ ಹೇಳಿದ ಮಾತು. ನಮ್ಮವರಿಗೂ ಚೆನ್ನಾಗಿಯೇ ಕಂಡಿತು. ಚಿಕ್ಕವೆಂಕಟಮ್ಮ ಎಲೆಯಿಂದ ತಲೆಯೆತ್ತಿ ಅವರ ಮುಖವನ್ನೇ ನೋಡಿದಳು. ಆಗಸ್ಟಿನಲ್ಲಿ ಕೇಳಿದ್ದನ್ನೇ ಮತ್ತೆ ಕೇಳಿದಳು.

"ನಾವ್ ಕೊಡ್ದೇ ಓದ್ರೆ ನೀವು ನಿಜ್ವಾಗ್ಲೂ ಕೊಡಲ್ವಾ? ಅಲ್ಲೊಬ್ಬ ಉಸ್ರಿಲ್ದೆ ಕೂತವ್ನೆ, ನೋಡ್ಕೊಂಡು ಸುಮ್ಕಿರ್ತೀರಾ?"

ಆ ಮನುಷ್ಯ, "ಇಲ್ಲಮ್ಮ. ಕೊಟ್ಟೇ ಕೊಡ್ತೀನಿ" ಅಂದರು.

"ಅಂಗಾದ್ರೆ ಅಂಗೇ ಬರ್ಸಿ. ನಿಮ್ದು ನೀವು ಕೊಡ್ರಿ. ನಮ್ದು ನಾವು ಕೊಡ್ತೀವಿ."

ಆದ್ದರಿಂದ ಹೊಸ ಪೋಸ್ಟರಿನಲ್ಲಿ ಅಷ್ಟನ್ನೇ ಬರಿ. ಜಯರಾಮಪ್ಪ ತಮ್ಮ ಪಾಲು ಕೊಡುತ್ತಾರೆ, ಯಾರು ಕೊಟ್ಟರೂ ಬಿಟ್ಟರೂ ಕೊಡುತ್ತಾರೆ, ಇನ್ನೂ ಇಷ್ಟು ಬೇಕಾಗಿದೆ ಎಂದು. ಒಗ್ಗರಣೆ ಬೇಡ. ಈ ಗುರುವಾರ ಸಂಜೆಯ ಹಾಲು ನಮ್ಮದು. ಹಿಂದೆ ಕೊಟ್ಟವರಲ್ಲಿ ನಾಲ್ಕು ಜನ ಈ ಸಲ ಆಗುವುದಿಲ್ಲ ಎಂದರು. ಯಾರ ಬಲವಂತವೂ ಇಲ್ಲ, ಹಾಗೆ ಹೇಳುವುದಕ್ಕೂ ಯಾರೂ ಮುಜುಗರಪಡಲಿಲ್ಲ. ಇಪ್ಪತ್ತೇಳು ಜನ ಕೊಡುತ್ತೇವೆ.

ಇವತ್ತು ಬೆಳಗ್ಗೆ ಚಿಕ್ಕವೆಂಕಟಮ್ಮ ಕನ್ನಡಕ ಹಾಕಿಕೊಂಡು ಡೈರಿಗೆ ಬಂದಳು. ಅಕ್ಷರ ಬಾರದಿದ್ದರೂ ಅಂಕಿ ಅವಳಿಗೆ ಗೊತ್ತು, ಹಾಲು ಮಾರಿ ಬದುಕಿದವಳು. ನಾನು ಓದುವ ಮೊದಲೇ ನನ್ನನ್ನು ಪಕ್ಕಕ್ಕೆ ಸರಿಸಿ ಮೀಟರಿಗೆ ಮುಖವಿಟ್ಟು ನೋಡಿದಳು. ಆಮೇಲೆ ನನ್ನ ಪುಸ್ತಕದಲ್ಲಿ ಅವಳ ಪುಟ ತೆಗೆಸಿ, ನಾನು ಬರೆದದ್ದನ್ನೂ ನೋಡಿದಳು. ನಾಲ್ಕು ಪಾಯಿಂಟ್ ಎರಡು, ಎರಡೂ ಕಡೆ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನಾಳೆಯಿಂದ ನೀನೇ ಓದಮ್ಮಣ್ಣಿ" ಅಂದಳು.

ತುಪ್ಪದ ಡಬ್ಬಿ ಖಾಲಿಯಾಗಿದ್ದರೆ ತೆಗೆದುಕೊಂಡು ಬಾ.

ನಿನ್ನ ದೊಡ್ಡಮ್ಮ
ಮುನಿರತ್ನಮ್ಮ